ಅಪ್ಪಯ್ಯನ ಲೆಕ್ಕದ ಪುಸ್ತಕ

ಮಗಳು ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ನಾನೇನೂ ಅಡ್ಡಿ ಹೇಳಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಇತಿಹಾಸ, ರಸಾಯನಶಾಸ್ತ್ರ, ಮರಾಠಿ ಸಾಹಿತ್ಯ ಏನೇ ಓದಿರಲಿ, ಕೊನೆಗೆ ಎಲ್ಲರೂ ಒಂದೇ ಕೌಂಟರಿನ ಹಿಂದೆ ಬಂದು ಕೂರುವುದನ್ನು ಕಂಡವನು. ಓದಲಿ ಬಿಡಿ, ನಾಳೆ ಯಾವುದಾದರೂ ಸರಕಾರಿ ಪರೀಕ್ಷೆಗೆ ಕಟ್ಟಿಯಾಳು ಅಂದುಕೊಂಡೆ. ಆದರೆ ಎಂ.ಎ. ಮುಗಿಸಿ, ಅಲ್ಲೇ ಕಲಿನಾದಲ್ಲಿ ಪಿಎಚ್.ಡಿ.ಗೂ ಸೇರಿ, ಒಂದು ರಾತ್ರಿ ಊಟಕ್ಕೆ ಕೂತಾಗ ತನ್ನ ವಿಷಯ ಏನು ಅಂತ ಹೇಳಿದಳು ನೋಡಿ, ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಗಿರ್ಗಾಂವ್‌ನಲ್ಲಿ ಯಾರ್ಯಾರು ಹಾಡು ಕೇಳ್ತಾ ಇದ್ದರು ಅಂತ."

"ಹಾಡಿನ ಮೇಲೆ ಮಾಡೋದಾದರೆ ಸಂಗೀತ ವಿಭಾಗಕ್ಕೆ ಹೋಗಬೇಕು. ಇತಿಹಾಸದಲ್ಲಿ ಎಂಥ ಹಾಡು ಮಾರಾಯ್ತಿ?"

"ನನಗೆ ಹಾಡೋದಕ್ಕೆ ಎಲ್ಲಿ ಬರತ್ತೆ ಅಪ್ಪ? ಹಾಡಿದ್ದು ಯಾರು, ಕರೆಸಿದ್ದು ಯಾರು, ದುಡ್ಡು ಕೊಟ್ಟಿದ್ದು ಯಾರು, ಹೊರಗೆ ನಿಂತು ಕೇಳಿದ್ದು ಯಾರು, ಅದು ಬೇಕು ನನಗೆ."

ಅವಳ ಕನ್ನಡ ಮಲಾಡ್ ಕನ್ನಡ. ಅರ್ಧ ನಮ್ಮ ಮನೆಯದು, ಅರ್ಧ ಲೋಕಲ್ ಟ್ರೈನಿನದು. ಆದರೆ ಹೇಳಿದ್ದು ನನಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ ಅಷ್ಟೆ. ನಮ್ಮ ಕಾಲದ ಇತಿಹಾಸ ಅಂದರೆ ಪುಲಿಕೇಶಿ ಯಾರನ್ನು ಸೋಲಿಸಿದ, ಮೂರನೆಯ ಪಾಣಿಪತ್ ಯುದ್ಧ ಯಾವಾಗ ಆಯಿತು. ಅದರಲ್ಲಿ ಹಾಡು ಕೇಳಿದವರ ಪಟ್ಟಿ ಎಲ್ಲಿಂದ ಬರಬೇಕು ಹೇಳಿ!

ಇಂಥದ್ದನ್ನೆಲ್ಲ ಇವಳೊಬ್ಬಳೇ ಮಾಡುತ್ತಿಲ್ಲ ಅಂತ ಆಮೇಲೆ ಗೊತ್ತಾಯಿತು. ತಬಲಾ ಬಾರಿಸುವ ಅನೀಶ್ ಪ್ರಧಾನ್ ಅವರ ಹೆಸರು ಕೇಳಿರುತ್ತೀರಿ, ನಿಖಿಲ್ ಘೋಷ್ ಅವರ ಶಿಷ್ಯರು. ಕಛೇರಿಗಳಲ್ಲಿ ಅವರನ್ನು ನೋಡಿದ್ದೆ, ಆದರೆ ಅವರು ಇದೇ ಮುಂಬೈ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಪಿಎಚ್.ಡಿ. ಪಡೆದವರು ಅಂತ ನನಗೆ ಗೊತ್ತೇ ಇರಲಿಲ್ಲ. 'ಹಿಂದುಸ್ತಾನಿ ಮ್ಯೂಸಿಕ್ ಇನ್ ಕಲೋನಿಯಲ್ ಬಾಂಬೆ' ಅಂತ 2014ರಲ್ಲಿ ಅವರ ಪುಸ್ತಕ ಬಂತು. ಮಗಳು ತಂದು ಟೀಪಾಯಿ ಮೇಲೆ ಇಟ್ಟಳು. ರಾಗ ತಾಳದ ಪಾಠ ಇರಬಹುದು ಅಂತ ತೆರೆದರೆ ಅದರಲ್ಲಿ ಊರು ಇತ್ತು. ಬ್ರಿಟಿಷರ ಕಾಲದ ಈ ಊರಿನಲ್ಲಿ ಗಾಯಕರಿಗೆ ಅನ್ನ ಹಾಕಿದವರು ಯಾರು, ಸಂಗೀತದ ಕ್ಲಬ್ಬುಗಳು, ಶಾಲೆಗಳು ಹೇಗೆ ಹುಟ್ಟಿದವು ಅಂತ.

ಕೈಖುಸ್ರೋ ಕಬ್ರಾಜಿ ಎಂಬ ಪಾರ್ಸಿ ಗೃಹಸ್ಥರು 1870ರಲ್ಲಿ 'ಗಾಯನ ಉತ್ತೇಜಕ ಮಂಡಳಿ' ಅಂತ ಒಂದು ಕಟ್ಟಿದರು. ಮರ್ಯಾದಸ್ಥರ ಮಕ್ಕಳೂ ಹಾಡು ಕಲಿಯಬಹುದು ಎಂದು ಲೋಕಕ್ಕೆ ತೋರಿಸಬೇಕಿತ್ತು. ಅಲ್ಲಿಗೆ ಹೋಗುತ್ತಿದ್ದ ವಾಲ್ಕೇಶ್ವರದ ಒಬ್ಬ ಹುಡುಗ ಮುಂದೆ ವಕೀಲನಾದ, ವಕೀಲಿ ಬಿಟ್ಟು ದೇಶವೆಲ್ಲ ಸುತ್ತಿ ಉಸ್ತಾದರ ಬಾಯಿಂದ ಬಂದಿಶ್‌ಗಳನ್ನು ಬರೆದುಕೊಂಡ. ಅವರೇ ವಿಷ್ಣು ನಾರಾಯಣ ಭಾತಖಂಡೆ. 1916ರಲ್ಲಿ ಬರೋಡೆಯಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು, 1926ರಲ್ಲಿ ಲಖನೌದಲ್ಲಿ ಮ್ಯಾರಿಸ್ ಕಾಲೇಜು, ಎಲ್ಲ ಅವರ ಓಡಾಟದ ಫಲ. ಇನ್ನೊಬ್ಬರು ವಿಷ್ಣು ದಿಗಂಬರ ಪಲುಸ್ಕರ್. 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯ ತೆರೆದರು, 1908ರಲ್ಲಿ ಅದನ್ನು ಮುಂಬೈಗೂ ತಂದರು. ಈ ಇಬ್ಬರು ವಿಷ್ಣುಗಳ ಮೇಲೆ ಜಾನಕಿ ಬಖಲೆ ಎಂಬ ಇತಿಹಾಸದ ಪ್ರಾಧ್ಯಾಪಕಿ 2005ರಲ್ಲಿ 'ಟೂ ಮೆನ್ ಆ್ಯಂಡ್ ಮ್ಯೂಸಿಕ್' ಅಂತ ಬರೆದರು. ಅದರಲ್ಲಿ ನಮ್ಮ ಧಾರವಾಡದ ಕಡೆಗೆಲ್ಲ ಕಿರಾಣಾದ ಬೀಜ ಬಿತ್ತಿದ ಅಬ್ದುಲ್ ಕರೀಂ ಖಾನರೂ ಬರುತ್ತಾರೆ. ಸಂಗೀತವನ್ನು ಶಾಲೆಯ ಪಾಠವಾಗಿ, ದೇಶಭಕ್ತಿಯಾಗಿ, ಪೂಜೆಯಾಗಿ ಮಾಡುವ ಭರದಲ್ಲಿ ಅದನ್ನು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದ ಮುಸ್ಲಿಂ ಉಸ್ತಾದರು ಹೇಗೆ ಪಕ್ಕಕ್ಕೆ ಸರಿದರು ಎಂಬುದು ಅವರ ವಾದ. ಸಂಗೀತದ ಮಾಸ್ತರರು ಇದನ್ನು ಒಪ್ಪುತ್ತಾರೋ ಇಲ್ಲವೋ. ನನಗಂತೂ ಓದಿದ ಮೇಲೆ ಪಲುಸ್ಕರರ ಫೋಟೋ ಮೊದಲಿನ ಹಾಗೆ ಕಾಣಲಿಲ್ಲ.

ಮತ್ತೊಂದು ಪುಸ್ತಕ ತೇಜಸ್ವಿನಿ ನಿರಂಜನ ಅವರದು, 'ಮ್ಯೂಸಿಕೋಫಿಲಿಯಾ ಇನ್ ಮುಂಬೈ', 2020ರದ್ದು. ಇವರು ಇತಿಹಾಸ ವಿಭಾಗದವರಲ್ಲ, ಸಂಸ್ಕೃತಿ ಅಧ್ಯಯನದವರು. ಆದರೆ ನಮ್ಮ ನಿರಂಜನ ಮತ್ತು ಅನುಪಮಾ ನಿರಂಜನರ ಮಗಳು ಅಂದ ಕೂಡಲೇ ನನಗೆ ಆ ಪುಸ್ತಕದ ಮೇಲೆ ಒಂದು ಹಕ್ಕು ಬಂದ ಹಾಗಾಯಿತು! ಅದರಲ್ಲಿ ಹಾಡುವವರಷ್ಟೇ ಕೇಳುವವರಿಗೂ ಜಾಗವಿದೆ. ಗಿರ್ಗಾಂವ್‌ನ ಗಲ್ಲಿಗಳು, ಲಕ್ಷ್ಮೀಬಾಗ್ ಹಾಲು... ನಾನು ಹದಿನೇಳರ ಹುಡುಗನಾಗಿ ಬಂದಿಳಿದ ಜಾಗಗಳೇ ಅವು.

ಮಗಳ ಜತೆ ಒಂದು ಭಾನುವಾರ ಹೊರಟೆ. 2018 ಇರಬೇಕು. ದೂರ ಎಲ್ಲೂ ಅಲ್ಲ, ಇಲ್ಲೇ ಮಲಾಡ್ ಪಶ್ಚಿಮದಲ್ಲಿರುವ ಬಾಂಬೆ ಟಾಕೀಸ್ ಕಂಪೌಂಡಿಗೆ. ಮೂವತ್ತು ವರ್ಷ ಅದರ ಹತ್ತಿರದಿಂದಲೇ ತರಕಾರಿ ಚೀಲ ಹಿಡಿದು ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಕಟ್ಟಿದ ಸ್ಟುಡಿಯೋ. ಅಶೋಕ್ ಕುಮಾರ್ ಇಲ್ಲಿ ಲ್ಯಾಬೋರೇಟರಿಯಲ್ಲಿ ಕೆಲಸಕ್ಕಿದ್ದವರು, ಹೀರೋ ಆಗಿಬಿಟ್ಟರು. 1936ರ 'ಅಛೂತ್ ಕನ್ಯಾ'ದಲ್ಲಿ ಅವರೂ ದೇವಿಕಾ ರಾಣಿಯೂ ತಮ್ಮ ಹಾಡು ತಾವೇ ಹಾಡಿದರು. 1949ರ 'ಮಹಲ್' ಕೂಡ ಬಾಂಬೆ ಟಾಕೀಸಿನದೇ. ಲತಾ ಮಂಗೇಶ್ಕರ್ ಅವರನ್ನು ಮನೆಮಾತು ಮಾಡಿದ ಹಾಡು ಅದರದು. ಆಗ ಅವರು ಲೋಕಲ್ ಟ್ರೈನಿನಲ್ಲಿ ಮಲಾಡ್‌ಗೆ ಬರುತ್ತಿದ್ದರು. ನಾವು ಹೋದಾಗ ಅಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳು, ತಗಡಿನ ಮಾಡು, ವೆಲ್ಡಿಂಗಿನ ಕಿಡಿ. ಹಳೆಯದೊಂದು ಗೋಡೆಯನ್ನು ಮಗಳು ಮೊಬೈಲಿನಲ್ಲಿ ಹಿಡಿಯುತ್ತಿದ್ದರೆ, ಒಬ್ಬ ಕೆಲಸದವ ಬಂದು ಮುನ್ಸಿಪಾಲಿಟಿಯವರಾ ಅಂತ ವಿಚಾರಿಸಿಕೊಂಡು ಹೋದ.

ಅಲ್ಲಿ ನಿಂತು ಅವಳು ಹೇಳಿದ ಕತೆ ಸರಸ್ವತಿ ದೇವಿಯದು. ನಿಜವಾದ ಹೆಸರು ಖುರ್ಷಿದ್ ಹೋಮ್ಜಿ, ಪಾರ್ಸಿ ಹುಡುಗಿ. ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ಕಲಿತವಳು, ಭಾತಖಂಡೆಯವರ ಶಿಷ್ಯೆ. ಹಿಮಾಂಶು ರಾಯ್ ಆಕೆಯನ್ನು ಬಾಂಬೆ ಟಾಕೀಸಿನ ಸಂಗೀತಕ್ಕೆ ಕರೆದರು, ತಂಗಿ ಮಾಣೆಕ್‌ಗೆ ಪಾತ್ರ ಕೊಟ್ಟರು. 1935ರ 'ಜವಾನಿ ಕೀ ಹವಾ' ಹೊರಬರುವಾಗ ಪಾರ್ಸಿ ಸಮಾಜದ ಒಂದು ಭಾಗ ಎದ್ದು ಕೂತಿತು, ನಮ್ಮ ಹೆಣ್ಣುಮಕ್ಕಳು ಸಿನಿಮಾದಲ್ಲಾ ಅಂತ. ಅದಕ್ಕೇ ಅಕ್ಕ ಸರಸ್ವತಿ ದೇವಿಯಾದಳು, ತಂಗಿ ಚಂದ್ರಪ್ರಭಾ ಆದಳು. ಯೋಚನೆ ಮಾಡಿ. ಅದೇ ಸಮಾಜದ ಕಬ್ರಾಜಿ ಅರವತ್ತೈದು ವರ್ಷ ಹಿಂದೆ ಹಾಡುವುದು ಮರ್ಯಾದೆಯ ಕೆಲಸ ಅಂತ ಮಂಡಳಿ ಕಟ್ಟಿದ್ದರು. ಭಾತಖಂಡೆಯವರ ಹತ್ತಿರ ಕಲಿತ ರಾಗ ನಮ್ಮ ಮಲಾಡಿನಲ್ಲಿ ಸಿನಿಮಾ ಹಾಡಾಗುವುದಕ್ಕೆ ನಡುವೆ ಗೋಡೆ ಇರಲಿಲ್ಲ.

"ಶಾಸ್ತ್ರೀಯ ಬೇರೆ, ಫಿಲ್ಮಿ ಬೇರೆ ಅಂತ ಎರಡು ಕಪಾಟು ಮಾಡಿದ್ದು ಆಮೇಲೆ ಅಪ್ಪ. ಸಂಗೀತ ವಿಭಾಗದವರಿಗೆ ಒಂದು ಕಪಾಟು ಸಾಕು. ನನಗೆ ಎರಡೂ ಬೇಕು" ಅಂದಳು. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಓಡಿಸಿದ್ದು, ಜನ ರೇಡಿಯೋ ಸಿಲೋನಿಗೆ ಓಡಿದ್ದು ನಮ್ಮ ತಲೆಮಾರಿನವರಿಗೆ ಗೊತ್ತು. ಬುಧವಾರ ರಾತ್ರಿ ಎಂಟಕ್ಕೆ ಬಿನಾಕಾ ಗೀತಮಾಲಾ, ಅಮೀನ್ ಸಯಾನಿ. ಅದೂ ಇತಿಹಾಸ ಅಂತ ಮಾತ್ರ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ 1949ರಲ್ಲಿ ಈ ಊರಿಗೆ ಬಂದವರು. ಗಿರ್ಗಾಂವ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಶಿ ತೊಳೆಯುವುದರಿಂದ ಶುರುಮಾಡಿ, ರಾತ್ರಿ ಶಾಲೆಯಲ್ಲಿ ಕಲಿತು, ಗಲ್ಲೆಯ ಮೇಲೆ ಕೂರುವಷ್ಟಕ್ಕೆ ಬಂದರು. ಸಂಗೀತ ಅವರ ಮನೆತನದಲ್ಲಿ ಇಲ್ಲ. ಊರಲ್ಲಿ ಯಕ್ಷಗಾನ ನೋಡಿದ್ದು ಬಿಟ್ಟರೆ ಸ್ವರ ಗೊತ್ತಿಲ್ಲ. ಆದರೆ ಗಣೇಶೋತ್ಸವದಲ್ಲಿ ಗಿರ್ಗಾಂವ್‌ನ ಗಲ್ಲಿಗಳಲ್ಲಿ ದೊಡ್ಡ ದೊಡ್ಡವರು ಮಂಟಪದಲ್ಲಿ ಕೂತು ಹಾಡುತ್ತಿದ್ದರು, ಪುಕ್ಕಟೆ, ರಾತ್ರಿ ಎಷ್ಟು ಹೊತ್ತಾದರೂ. ಈಗಿನ ಹಾಗೆ ಹತ್ತು ಗಂಟೆಗೆ ಮೈಕು ಬಂದ್ ಅನ್ನುವ ಕಾನೂನು ಇರಲಿಲ್ಲ. ಹೋಟೆಲು ಮುಚ್ಚಿ, ಕೈ ಒರೆಸಿಕೊಂಡು ಹೋಗಿ ಹಿಂದೆ ನಿಲ್ಲುವುದು. ಹಾಗೆ ನಿಂತು ನಿಂತೇ ಕಿವಿ ತಯಾರಾಯಿತು. ಮನ್ಸೂರರು, ಗಂಗೂಬಾಯಿಯವರು, ಬಸವರಾಜ ರಾಜಗುರುಗಳು ಅಂದರೆ ನಮ್ಮವರು ಎಂಬ ಹೆಮ್ಮೆಯೂ ಸೇರಿತು. ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಎಷ್ಟು ದೂರ ಅಂತ ನಿಮಗೆ ಗೊತ್ತೇ ಇದೆ, ಆದರೆ ಮುಂಬೈಯಲ್ಲಿ ಅದೆಲ್ಲ ಒಂದೇ ಊರು.

ಕ್ಯಾಷಿಯರ್ ಅಲ್ಲವೇ, ಬರೆದಿಡದೆ ಇರಲಾರರು. ಹೋಟೆಲಿನ ಲೆಕ್ಕದ ಪುಸ್ತಕದಂಥದೇ ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ತಾರೀಕು, ಜಾಗ, ಯಾರು ಹಾಡಿದರು, ತಬಲಾ ಯಾರು, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು. ರಾಗದ ಹೆಸರು ಪಕ್ಕದವರನ್ನು ಕೇಳಿ ಬರೆಯುತ್ತಿದ್ದರು, ಹಾಗಾಗಿ ಎಷ್ಟೋ ಕಡೆ ಗೆರೆ ಹೊಡೆದು ತಿದ್ದಿದ್ದಿತ್ತು. ಕೊನೆಯ ಕಾಲಂ ಖರ್ಚು. ಟ್ರಾಮು ಇಷ್ಟು, ಚಹಾ ಇಷ್ಟು, ಟಿಕೆಟ್ ಇದ್ದರೆ ಇಷ್ಟು. ಮನೆಯಲ್ಲಿ ಇದೊಂದು ದಂತಕತೆ. ನಾನೇ ಮಗಳಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದು. ಆ ಪುಸ್ತಕಗಳು ಏನಾದವು ಅಂದರೆ, 2005ರ ಜುಲೈ 26ರ ಮಳೆಗೆ ಹೋದವು. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಮಲಾಡಿನ ನಮ್ಮ ನೆಲಮಾಳಿಗೆಯ ಫ್ಲ್ಯಾಟಿನೊಳಗೆ ಮೊಣಕಾಲು ಮುಳುಗುವ ನೀರು. ಮದುವೆಯ ಆಲ್ಬಂ, ಅಕ್ಕಿ ಡಬ್ಬಿ, ಟಿ.ವಿ., ಅಪ್ಪಯ್ಯನ ಟ್ರಂಕು.

ಇದು ಸುಳ್ಳು. ಆಲ್ಬಂ, ಅಕ್ಕಿ, ಟಿ.ವಿ. ನಿಜ. ಟ್ರಂಕಿನಲ್ಲಿ ಆಗ ಹಳೆಯ ಪರದೆಗಳಿದ್ದವು.

2022ರಲ್ಲಿ ಮಗಳು ಒಂದು ಅಧ್ಯಾಯದ ಕರಡು ತಂದು ಕೊಟ್ಟಳು. ಊರ ಹೆಸರುಗಳ ಸ್ಪೆಲ್ಲಿಂಗ್ ಸರಿಯಾಗಿದೆಯಾ ನೋಡು ಅಪ್ಪ ಅಂತ. ಸರಕಾರದ ಕಡತಗಳಲ್ಲಿ ಸಂಗೀತ ಹೇಗೆ ಕಾಣುತ್ತದೆ ಅಂತ ಚೆನ್ನಾಗಿ ಬರೆದಿದ್ದಳು. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ತಿಂಗಳುಗಟ್ಟಲೆ ಧೂಳು ಕುಡಿದು ಬಂದಿದ್ದಳಲ್ಲ. ಸರಕಾರಕ್ಕೆ ಹಾಡು ಅಂದರೆ ಲೈಸೆನ್ಸು, ಗದ್ದಲ, ಇಲ್ಲವೇ ತೆರಿಗೆ. 1876ರ ನಾಟಕ ಪ್ರದರ್ಶನ ಕಾಯಿದೆ, 1923ರ ಮುಂಬೈ ಮನರಂಜನೆ ತೆರಿಗೆ ಕಾಯಿದೆ. ಪತ್ರಿಕೆಗಳಲ್ಲಿ ನೋಡಿದರೆ ಯಾರು ಹಾಡಿದರು, ಅಧ್ಯಕ್ಷತೆ ಯಾರದು, ಹಾರ ಹಾಕಿದ ಶೇಠ್‌ಜಿ ಯಾರು ಅಂತ ಇರುತ್ತದೆ. ಹಿಂದೆ ನಿಂತು ಕೇಳಿದ ಹೋಟೆಲು ಮಾಣಿಗಳ ಹೆಸರು ಎಲ್ಲೂ ಇಲ್ಲ. ಅಂಥ ಒಬ್ಬ ಕೇಳುಗ ತನ್ನ ಕೈಯಾರೆ ಇಟ್ಟ ದಾಖಲೆ ಒಂದಿತ್ತು ಅಂತ ಬರೆದು, ಪುಟದ ಕೆಳಗೆ ಅಡಿಟಿಪ್ಪಣಿ ಹಾಕಿದ್ದಳು: ಈ ಪುಸ್ತಕಗಳು 2005ರ ಜುಲೈ 26ರ ಪ್ರವಾಹದಲ್ಲಿ ನಾಶವಾದವು.

ನಾನು ಹೇಳಿದ ಸುಳ್ಳು ಅಚ್ಚಿನ ಅಕ್ಷರದಲ್ಲಿ, ನಂಬರು ಹಾಕಿಕೊಂಡು ಕೂತಿತ್ತು.

ಸ್ಪೆಲ್ಲಿಂಗ್ ಎರಡು ಕಡೆ ತಿದ್ದಿ ವಾಪಸು ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಒಂದು ತಪ್ಪು ಎಂಟ್ರಿ ಬಿಟ್ಟು ಮನೆಗೆ ಬಂದವನಲ್ಲ ನಾನು. ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿಬಿಟ್ಟೆ. ನೆರೆಗೆ ಹೋದದ್ದಲ್ಲ, 1988ರಲ್ಲಿ ಗಿರ್ಗಾಂವ್ ಚಾಳಿನಿಂದ ಮಲಾಡಿಗೆ ಬರುವಾಗ ನಾನೇ ರದ್ದಿಯವನಿಗೆ ತೂಕಕ್ಕೆ ಹಾಕಿದೆ. ಊರಿನಿಂದ ಅಮ್ಮ ಪ್ರತಿ ಸಲ ಫೋನಿನಲ್ಲಿ ಅಪ್ಪಯ್ಯನ ಪುಸ್ತಕ ಜಾಗ್ರತೆ ಅನ್ನುತ್ತಿದ್ದರು, ಹೂಂ ಅನ್ನುತ್ತಿದ್ದೆ. ನೆರೆ ಬಂದಾಗ ಅದೂ ಹೋಯಿತು ಅಂದೆ. ಅಮ್ಮ ಫೋನಿನಲ್ಲೇ ಅತ್ತರು. 2011ರಲ್ಲಿ ತೀರಿಕೊಂಡರು, ಹಾಗೇ ನಂಬಿಕೊಂಡು.

ಒಳಗಿದ್ದ ಇವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಇವಳಿಗೂ ಗೊತ್ತಿರಲಿಲ್ಲ.

ಮಗಳು ಬೈಯಬಹುದು ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲು ತೆಗೆದು ರೆಕಾರ್ಡಿಂಗ್ ಒತ್ತಿ ನಡುವೆ ಇಟ್ಟಳು.

"ಎಷ್ಟು ಪುಸ್ತಕ ಇದ್ದವು?"

"ಹದಿನೇಳೋ ಹದಿನೆಂಟೋ."

"ಹದಿನೇಳಾ, ಹದಿನೆಂಟಾ?"

ಹೀಗೆ ಮೂರು ದಿನ. ಪುಸ್ತಕದ ಅಳತೆ, ಪೆನ್ನಾ ಪೆನ್ಸಿಲಾ, ಕಾಲಂ ಎಷ್ಟು, ಸಿನಿಮಾ ಹಾಡಿನ ಸುದ್ದಿ ಇತ್ತಾ. ಇತ್ತು. ಬುಧವಾರ ರಾತ್ರಿ ಸಿಲೋನ್ ಕೇಳುವವರು ಒಂದು ಚಹಾಕ್ಕೆ ಒಂದು ಗಂಟೆ ಕೂರುತ್ತಾರೆ, ಧಣಿಗಳಿಗೆ ಹೇಳಬೇಕು ಅಂತ ಒಂದು ಪುಟದ ಅಂಚಿನಲ್ಲಿ ಬರೆದಿದ್ದರು. ಇದನ್ನು ಕೇಳಿ ಅವಳು ನಕ್ಕಳು, ಆ ಮೂರು ದಿನದಲ್ಲಿ ಒಂದೇ ಸಲ. ಕೊನೆಗೆ, ಯಾಕೆ ಮಾರಿದೆ ಅಂತ ಕೇಳಿದಳು. ಜಾಗ ಇರಲಿಲ್ಲ ಅಂದೆ. ಮಲಾಡಿನ ಫ್ಲ್ಯಾಟು ಚಾಳಿನ ಖೋಲಿಗಿಂತ ದೊಡ್ಡದಲ್ಲವಾ ಅಪ್ಪ ಅಂದಳು.

ಹೇಳಲೇಬೇಕಾಯಿತು. ಅಪ್ಪಯ್ಯ 1985ರಲ್ಲಿ ತೀರಿಹೋದ ಮೇಲೆ ಒಂದು ದಿನ ಆ ಪುಸ್ತಕಗಳನ್ನು ಓದಲು ಕೂತಿದ್ದೆ. 1969ರದ್ದು ಕೈಗೆ ಬಂತು. ಆ ವರ್ಷ ಊರಲ್ಲಿ ನಾನು ಏಳನೆಯ ತರಗತಿ. ಪರೀಕ್ಷೆ ಫೀಸು ಕಟ್ಟುವ ತಿಂಗಳು ಮುಂಬೈಯಿಂದ ಮನಿಯಾರ್ಡರ್ ಬರಲಿಲ್ಲ. ಫೀಸು ತಾರದವರನ್ನು ಹೊರಗೆ ಜಗಲಿಯ ಮೇಲೆ ನಿಲ್ಲಿಸಿದರು, ನಾವು ಮೂರು ಜನ. ಅಮ್ಮ ಅಕ್ಕಪಕ್ಕದಲ್ಲಿ ಸಾಲ ಮಾಡಿ ಕೊಟ್ಟರು. ಪುಸ್ತಕದಲ್ಲಿ ನೋಡಿದರೆ ಅದೇ ಮಾರ್ಚ್ ತಿಂಗಳು ಒಂದು ಹಾಲಿನ ಕಛೇರಿ, ಖರ್ಚಿನ ಕಾಲಮ್ಮಿನಲ್ಲಿ ಟಿಕೆಟ್ 3-00. ಮಗನ ಫೀಸಿಗಿಲ್ಲದ್ದು ಹಾಡಿಗೆ ಇತ್ತು! ಆ ಸಿಟ್ಟು ಮೂರು ವರ್ಷ ಒಳಗೇ ಕೂತಿತ್ತು. ರದ್ದಿಯವ ತಕ್ಕಡಿ ಎತ್ತಿದಾಗ ನನಗೆ ಸಮಾಧಾನವೇ ಆಗಿತ್ತು ಅಂದರೆ ನಂಬಿ.

ಮಗಳು ಏನೂ ಹೇಳಲಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪು ತಂದಳು.

"1969ರ ಮಾರ್ಚ್‌ಗೆ ಮುಂಚೆ ಏನು ಬರತ್ತೆ ಅಪ್ಪ?"

"ಫೆಬ್ರವರಿ."

"ಫೆಬ್ರವರಿಯಲ್ಲಿ ಏನಾಯ್ತು?"

ಗಡಿ ಗಲಾಟೆ! ಬೆಳಗಾವಿಯ ಹೆಸರಿನಲ್ಲಿ ಶಿವಸೇನೆಯ ಚಳವಳಿ, ಮುಂಬೈ ದಿನಗಟ್ಟಲೆ ಹೊತ್ತಿ ಉರಿಯಿತು, ಎಷ್ಟೋ ಜನ ಸತ್ತರು, ಬಾಳ ಠಾಕ್ರೆಯವರ ಬಂಧನವಾಯಿತು. ನಮ್ಮವರ ಹೋಟೆಲುಗಳಿಗೆ ಕಲ್ಲು ಬಿತ್ತು. ಇದು ನನಗೆ ಗೊತ್ತಿಲ್ಲದ್ದಲ್ಲ. ನಾನು ಬರುವ ನಾಲ್ಕು ವರ್ಷ ಮೊದಲಿನ ಮಾತು, ಹಳಬರು ಹೇಳುವುದನ್ನು ನೂರು ಸಲ ಕೇಳಿದ್ದೇನೆ. ಅಪ್ಪಯ್ಯನ ಹೋಟೆಲಿನ ಕಪಾಟಿನ ಗಾಜು ಒಡೆದದ್ದು, ಬಾಗಿಲು ಹಾಕಿದ್ದು, ಕೆಲಸ ಇಲ್ಲದ ದಿನಗಳಿಗೆ ಸಂಬಳ ಸಿಗದೆ ಇದ್ದದ್ದು, ಎಲ್ಲ ಗೊತ್ತು. ಆದರೆ ಗಲಾಟೆ ನನ್ನ ತಲೆಯಲ್ಲಿ ಒಂದು ಕಡೆ ಇತ್ತು, ಜಗಲಿ ಇನ್ನೊಂದು ಕಡೆ. ಎರಡೂ ಒಂದೇ ತಿಂಗಳ ಸಂಗತಿ ಅಂತ ನನಗೆ ಹೊಳೆದಿರಲಿಲ್ಲ. ಐವತ್ತಮೂರು ವರ್ಷ!

"ಹಾಗಾದರೆ ದುಡ್ಡು ಇರಲಿಲ್ಲ ಅಂತಾಯಿತು" ಅಂದೆ.

"ಮೂರು ರೂಪಾಯಿ ಇತ್ತಲ್ಲ" ಅಂದಳು ಅವಳು. ಅವಳು ಹಾಗೆಯೇ, ಅಜ್ಜನೇ ಆದರೂ ಬಿಟ್ಟುಕೊಡುವುದಿಲ್ಲ. "ಹೊರಗೆ ಕನ್ನಡ ಮಾತಾಡೋಕೆ ಹೆದರಿಕೆ. ಕೆಲಸ ಈಗಷ್ಟೇ ಮತ್ತೆ ಶುರುವಾಗಿದೆ. ಊರಿಗೆ ದುಡ್ಡು ಹೋಗಿಲ್ಲ. ಪುಕ್ಕಟೆ ಕೇಳೋ ಮನುಷ್ಯ ಆ ತಿಂಗಳೇ ಮೂರು ರೂಪಾಯಿ ಕೊಟ್ಟು ಒಳಗೆ ಹೋಗಿ ಕೂತರು. ಯಾರು ಹಾಡಿದ್ದು ಅವತ್ತು?"

ನೆನಪಿಲ್ಲ. ಖರ್ಚಿನ ಕಾಲಂ ನೋಡಿದವನು ಹೆಸರಿನ ಕಾಲಂ ನೋಡಿರಲಿಲ್ಲ. ಧಾರವಾಡದ ಕಡೆಯವರಾ, ಅಲ್ಲವಾ, ಯಾವ ಹಾಲು... ಅವಳು ಎಷ್ಟು ರೀತಿಯಲ್ಲಿ ಕೇಳಿದರೂ ನನ್ನ ಕಣ್ಣಿಗೆ ಬಂದದ್ದು ಆ 3-00 ಮಾತ್ರ, ಮೂರರ ಬಾಲ ಸ್ವಲ್ಪ ಉದ್ದಕ್ಕೆ ಎಳೆದದ್ದು. 1973ರಿಂದ ಹನ್ನೆರಡು ವರ್ಷ ಒಂದೇ ಖೋಲಿಯಲ್ಲಿ ಅವರ ಪಕ್ಕ ಚಾಪೆ ಹಾಕಿ ಮಲಗಿದ್ದೆ. ಗಣೇಶೋತ್ಸವಕ್ಕೆ ಕರೆದುಕೊಂಡು ಹೋದರೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ. ಕೇಳಬೇಕೆಂದರೆ ಅವರನ್ನೇ ಕೇಳಬಹುದಿತ್ತು.

ಮರುವಾರ ಅವಳು ಆ ಮಾರ್ಚಿನ ಪತ್ರಿಕೆಗಳ ಕಛೇರಿ ಜಾಹೀರಾತುಗಳನ್ನು ಹುಡುಕಿಕೊಂಡು ಹೋದಳು. ನಾಲ್ಕೈದು ಸಿಕ್ಕವು. ಅವುಗಳಲ್ಲಿ ಯಾವುದು ಅಂತ ಹೇಳುವುದಕ್ಕೆ ಆಗದು, ಹಾಗಾಗಿ ಬರೆಯುವುದಿಲ್ಲ ಅಂದಳು. ಧಾರವಾಡದವರೊಬ್ಬರ ಹೆಸರು ಅದರಲ್ಲಿತ್ತು, ಅದೇ ಅಂತ ಹಾಕಿಬಿಡು, ಯಾರು ಕೇಳುತ್ತಾರೆ ಅಂದೆ. ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಾದೆ.

2023ರಲ್ಲಿ ಪ್ರಬಂಧ ಸಲ್ಲಿಸಿದಳು. ಒಂದು ಪ್ರತಿ ಮನೆಯಲ್ಲಿದೆ, ಕಪ್ಪು ರಟ್ಟು, ಬಂಗಾರದ ಅಕ್ಷರ. ಇವಳು ಅದನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದಾಳೆ, ನೀರು ಮುಟ್ಟದ ಎತ್ತರಕ್ಕೆ. ಮೂರನೆಯ ಅಧ್ಯಾಯದ ಆ ಅಡಿಟಿಪ್ಪಣಿ ಈಗ ಹೀಗಿದೆ: ಸುಮಾರು ಹದಿನೇಳು ಪುಸ್ತಕಗಳು, 1988ರಲ್ಲಿ ಕುಟುಂಬದವರು ರದ್ದಿಗೆ ಮಾರಿದರು. ಇಲ್ಲಿನ ವಿವರಗಳು ಮಗನ ನೆನಪಿನಿಂದ, ಸಂದರ್ಶನ, ಮಲಾಡ್, 2022.